ಕುಲಪತಿಗಳ ಮಡಿಲ ಕಲ್ಲು

ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದಿಲ್ಲ, ಕಲ್ಲು ಕೊಡುತ್ತೇವೆ. ಮಡಿಲಲ್ಲಿ ಇಟ್ಟುಕೊಂಡು ಕೂರಲಿಕ್ಕೆ. ಬೆಲ್ಲ, ನೀರು ಆಮೇಲೆ. ನನ್ನ ಮಾತು ನಿಮ್ಮನ್ನು ಹಿಡಿದು ಕೂರಿಸುತ್ತದೆ ಎಂಬ ಜಂಬ ನನಗಿಲ್ಲ, ಬೇಸರ ಬಂದು ನೀವು ಮೇಲೇಳುವುದು ಬೇಡ ಎಂಬ ವಿನಯ ಅದು. ಹೊರಗಿನವರು ಕೆಲವರು ಇದನ್ನು ಅವಮಾನ ಎಂದುಕೊಂಡು ಕಲ್ಲು ಬೇಡ ಎನ್ನುತ್ತಾರೆ. ಆಗ ನಮ್ಮ ದೊಡ್ಡಪ್ಪ ತನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಕಥೆ ಶುರು ಮಾಡುತ್ತಾನೆ. ಅದು ಎಡಗಾಲು ಮುಗಿಸಿ ಬಲಗಾಲಿಗೆ ಬರುವ ಹೊತ್ತಿಗೆ ಅತಿಥಿ ಸೂರಿಗೆ ತಲೆ ತಾಗಿಸಿಕೊಂಡು, ಆ ಕಲ್ಲು ಸ್ವಲ್ಪ ಕೊಡಿ ಎಂದು ಮೇಲಿನಿಂದ ಕೈ ಚಾಚುತ್ತಾನೆ.

ಸೂರಿಗೆಲ್ಲ ಹತ್ತಿಯ ಮೆತ್ತೆ ಹೊಡೆಸಿದ್ದೇವೆ. ಮದುವೆಯಲ್ಲಿ ಗಣ್ಯರ ಭಾಷಣವಿದ್ದರೆ ಚಪ್ಪರದ ಮೇಲೆ ಬಲೆ ಹಾಕುತ್ತೇವೆ. ಗಂಡ ಹೆಂಡತಿ ಜಗಳವಾಡುವಾಗ ಇಬ್ಬರೂ ನೆಲದ ಮೇಲೆ ಗಟ್ಟಿಯಾಗಿ ನಿಂತಿರುತ್ತಾರಾದ್ದರಿಂದ ಜಗಳವಾಡುವವರನ್ನೇ ನಮ್ಮಲ್ಲಿ ಅನ್ಯೋನ್ಯ ದಂಪತಿ ಎನ್ನುವುದು. ಒಮ್ಮೆ ಮೇಲೆ ಹೋದವರು ತಾವಾಗಿ ಇಳಿದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಎಳೆದು ಇಳಿಸಬೇಕು, ಇಳಿಸಿ ಒಂದು ಲೋಟ ಮಜ್ಜಿಗೆ ಕುಡಿಸಬೇಕು. ಹೆದರಿಸಿ ಇಳಿಸುತ್ತೇವೆಂದರೆ ಆಗುವುದಿಲ್ಲ. ಹೆದರಿಕೆ ಬೇರೆ, ಬೇಸರ ಬೇರೆ, ಎರಡೂ ಒಟ್ಟಿಗೇ ಇರಬಲ್ಲವು ಎಂದು ನಮ್ಮೂರಿನವರಿಗೆ ಗೊತ್ತು.

ಇಂಥ ಊರಿಗೆ ಒಂದು ವಿಶ್ವವಿದ್ಯಾಲಯ ಬೇಕಿತ್ತೇ ಎಂದು ನೀವು ಕೇಳಬಹುದು. ಇದೆ, ದೊಡ್ಡದೇ ಇದೆ. ಹಿಂದೆ ಇಲ್ಲಿಯೂ ಪ್ರಾಧ್ಯಾಪಕರನ್ನು ಆರಿಸುವುದು ಎಲ್ಲ ಕಡೆಯಂತೆಯೇ ಇತ್ತು. ಪದವಿ ನೋಡುವುದು, ಅಚ್ಚಾದ ಪ್ರಬಂಧಗಳ ಕಟ್ಟನ್ನು ಕೈಯಲ್ಲಿ ಎತ್ತಿ ನೋಡುವುದು, ನಾಲ್ಕು ಜನ ತಜ್ಞರು ಗೋಡಂಬಿ ತಿನ್ನುತ್ತ ನಾಲ್ಕು ಪ್ರಶ್ನೆ ಕೇಳುವುದು. ಹಾಗೆ ಬಂದ ಮಹಾನುಭಾವರೊಬ್ಬರು, ಹೆಸರಿನ ಹಿಂದೆ ಪದವಿಗಳ ಉದ್ದ ಬಾಲ ಇದ್ದವರು, ಮೊದಲ ವಾರವೇ ಪಾಠ ಮುಗಿಸಿ ತಲೆ ಎತ್ತಿದರೆ ಬೆಂಚುಗಳಲ್ಲಿ ಯಾರೂ ಇಲ್ಲ, ಇಡೀ ತರಗತಿ ಸೂರಿಗೆ ಅಂಟಿಕೊಂಡಿದೆ. ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಹೊರಗೇ ತೇಲಿಹೋಗಿ ಪಕ್ಕದ ತಾಲ್ಲೂಕಿನ ಹಿಪ್ಪುನೇರಳೆ ತೋಟದ ಮೇಲೆ ಸಿಕ್ಕಳು. ಅವಳ ಅಪ್ಪ ಅಮ್ಮ ಬಂದು ಕುಲಪತಿಗಳ ಬಾಗಿಲಲ್ಲಿ ಕೂತರು. ಅಂದಿನಿಂದ ಹೊಸ ನಿಯಮ ಬಂತು.

ಪದವಿ, ಪ್ರಬಂಧ, ಸಂದರ್ಶನ ಎಲ್ಲ ಇರಲಿ, ಕೊನೆಯ ಮಾತು ಬಯಲು ಪಾಠದ್ದು. ಗಡಿಯಾರದ ಗೋಪುರದ ಪಕ್ಕದ ಮರಳು ಹಾಸಿದ ಬಯಲಿನಲ್ಲಿ, ಸೂರಿಲ್ಲದ ಆಕಾಶದ ಕೆಳಗೆ, ಅಭ್ಯರ್ಥಿ ಪಾಠ ಹೇಳಬೇಕು. ಊರಿನಿಂದ ಚೀಟಿ ಎತ್ತಿ ಆರಿಸಿದ ಕೇಳುಗರು ಎದುರಿಗೆ ಕೂರುತ್ತಾರೆ. ಅವರಿಗೆ ಮಡಿಲಲ್ಲಿ ಕಲ್ಲಿಲ್ಲ, ಸೊಂಟಕ್ಕೊಂದು ಹಗ್ಗ, ಹಗ್ಗದ ತುದಿ ಗೂಟಕ್ಕೆ. ಒಬ್ಬೊಬ್ಬರ ಪಾಲಿನ ಹೊತ್ತು ಮುಗಿದು ಗೋಪುರದ ಗಂಟೆ ಹೊಡೆದಾಗ ಯಾರ ಕೇಳುಗರು ಹೆಚ್ಚು ಜನ ನೆಲದ ಮೇಲಿರುತ್ತಾರೋ ಅವರಿಗೆ ಹುದ್ದೆ. ಅರ್ಧ ಜನವೂ ನೆಲದ ಮೇಲಿಲ್ಲದಿದ್ದರೆ ಅನುತ್ತೀರ್ಣ. ಮೂರು ಸಲ ಅನುತ್ತೀರ್ಣರಾದವರು ಮತ್ತೆಂದೂ, ತಾತ್ಕಾಲಿಕವಾಗಿ ಕೂಡ, ನಮ್ಮ ತರಗತಿಯ ಹೊಸ್ತಿಲು ದಾಟುವಂತಿಲ್ಲ.

ನಿಯಮ ಬಂದ ಮೇಲೆ ನಮ್ಮ ವಿಶ್ವವಿದ್ಯಾಲಯದಷ್ಟು ನಗುವ ವಿಶ್ವವಿದ್ಯಾಲಯ ಎಲ್ಲೂ ಇಲ್ಲ. ಚರಿತ್ರೆಯ ಪ್ರಾಧ್ಯಾಪಕರು ರಾಜರ ದನಿಗಳನ್ನು ಅನುಕರಿಸುತ್ತಾರೆ. ರಸಾಯನಶಾಸ್ತ್ರದವರು ಟೋಪಿಯಿಂದ ಪಾರಿವಾಳ ತೆಗೆಯುತ್ತಾರೆ. ವಿದ್ಯಾರ್ಥಿಗಳು ಇಡೀ ವರ್ಷ ನೆಲದ ಮೇಲೆ ಖುಷಿಯಾಗಿ ಕೂತಿದ್ದು ಪರೀಕ್ಷೆಯಲ್ಲಿ ಬಿಳಿ ಹಾಳೆ ಕೊಟ್ಟು ಬರುತ್ತಾರೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದೆ, ಹಾಗಾಗಿ ನನಗೆ ಸ್ನೇಹಿತರು ಕಡಿಮೆ.

ನಾನು ವಾರಿಜಾ, ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷದಿಂದ ಅತಿಥಿ. ನಮ್ಮ ಊರಿನಲ್ಲಿ ಅತಿಥಿಗೆ ಕಲ್ಲಾದರೂ ಸಿಗುತ್ತದೆ, ಅತಿಥಿ ಉಪನ್ಯಾಸಕರಿಗೆ ಅದೂ ಇಲ್ಲ. ಎರಡು ಸಲ ಬಯಲು ಪಾಠಕ್ಕೆ ನಿಂತು ಎರಡು ಸಲವೂ ಮಣ್ಣು ಮುಕ್ಕಿದ್ದೆ. ಎರಡನೆಯ ಸಲ ನನ್ನ ಜೊತೆಯ ಅತಿಥಿ ಉಪನ್ಯಾಸಕ ರುದ್ರಮುನಿ ಕಾಳಜಿಯಿಂದ ಮೂರು ನಗೆಹನಿ ಕಲಿಸಿ ಕಳಿಸಿದ್ದ. ನಾನು ಮೊದಲನೆಯ ನಗೆಹನಿಯ ಕೊನೆಯನ್ನು ಮೊದಲೇ ಹೇಳಿಬಿಟ್ಟೆ. ಪಾಠಕ್ಕೆ ನಿಧಾನವಾಗಿ ಮೇಲೇಳುತ್ತಿದ್ದ ಜನ ನನ್ನ ನಗೆಹನಿಗೆ ಸರ್ರನೆ ಎದ್ದರು. ಇದು ಮೂರನೆಯ ಸಲ. ಸೋತರೆ ಸೀಮೆಸುಣ್ಣ ಹಿಡಿಯುವ ಕೆಲಸ ಜನ್ಮಕ್ಕೆ ಮುಗಿಯಿತು. ಬೇರೆ ಕೆಲಸ ನನಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಒಂದೇ ಹುದ್ದೆ, ಇಬ್ಬರು ಅಭ್ಯರ್ಥಿಗಳು. ಇನ್ನೊಬ್ಬ ಇದೇ ರುದ್ರಮುನಿ. ಒಂದೇ ಮುರುಕು ಮೇಜನ್ನು ಹಂಚಿಕೊಂಡು ಇಷ್ಟು ವರ್ಷ ಕೂತವರು ನಾವು. ಬಯಲು ಪಾಠದ ಆ ದಿನವೂ ಊಟದ ಡಬ್ಬಿ ತೆಗೆದು ಅವನು ನನಗೆ ಅರ್ಧ ಹೋಳಿಗೆ ಕೊಟ್ಟ. ಯಾವ ವಿಷಯ ತಗೊಂಡಿದೀರಿ ಎಂದು ಕೇಳಿದ. ಗಡಿಯಾರ ಎಂದೆ. ಲೆಕ್ಕ ಇದೆಯೇ ಎಂದ. ಇದೆ ಎಂದೆ. ಅವನು ಹೋಳಿಗೆಯ ಇನ್ನರ್ಧವನ್ನೂ ನನ್ನ ಕಡೆಗೆ ಸರಿಸಿದ.

ಗಡಿಯಾರದ ವಿಷಯ ಹೇಳಲೇಬೇಕು. ನಮ್ಮ ಗೋಪುರದ ಗಡಿಯಾರ ಬೇಸಿಗೆ ಬಂತೆಂದರೆ ಹಿಂದೆ ಬೀಳುತ್ತದೆ, ದಿನಕ್ಕೆ ಗೊತ್ತಾಗದಷ್ಟು, ತಿಂಗಳು ಕಳೆಯುವುದರೊಳಗೆ ಎಲ್ಲರಿಗೂ ಗೊತ್ತಾಗುವಷ್ಟು. ಗಡಿಯಾರಕ್ಕೂ ಬೇಸರ ಬರುತ್ತದೆ ಎಂದು ನಮ್ಮೂರಿನವರ ನಂಬಿಕೆ. ಅದಕ್ಕೇ ಪ್ರತಿ ಬೇಸಿಗೆಯಲ್ಲೂ ನಗರಸಭೆ ಗೋಪುರದ ಬುಡದಲ್ಲಿ ನಾಗಸ್ವರದವರನ್ನು ಕೂರಿಸಿ ಅದರ ಮನಸ್ಸು ಹಗುರ ಮಾಡಿಸುತ್ತದೆ. ಚಳಿಗಾಲದಲ್ಲಿ ಗಡಿಯಾರ ತುಸು ಮುಂದೆ ಓಡಿದರೆ, ನೋಡಿ, ಬೇಸಿಗೆಯಲ್ಲಿ ಕೇಳಿದ ಕಲ್ಯಾಣಿ ರಾಗ ಈಗ ಹತ್ತಿತು ಎನ್ನುತ್ತಾರೆ. ಆದರೂ ಊರಿನ ಸಮಯವೆಂದರೆ ಗೋಪುರದ್ದೇ. ಕೈಗಡಿಯಾರ ಕಟ್ಟಿದವರಲ್ಲಿ ಬಹುತೇಕರು ದಿನಾ ಅದನ್ನು ನೋಡಿ ತಮ್ಮದನ್ನು ತಪ್ಪು ಮಾಡಿಕೊಳ್ಳುತ್ತಾರೆ.

ಮಧ್ಯಾಹ್ನ ಎರಡಕ್ಕೆ ಬಯಲು ತುಂಬಿತ್ತು. ಆಯ್ಕೆ ಸಮಿತಿ ಸಾಲಾಗಿ ಕೂತಿತು, ಎಲ್ಲರ ಮಡಿಲಲ್ಲೂ ಕಲ್ಲು. ಹುದ್ದೆ ದೊಡ್ಡದಾದಷ್ಟೂ ಕಲ್ಲು ದೊಡ್ಡದು. ಕುಲಪತಿ ಶಿವನಂಜಪ್ಪನವರದು ರೇಷ್ಮೆ ಬಟ್ಟೆ ಸುತ್ತಿದ ಕರಿಕಲ್ಲು, ಇಬ್ಬರು ಜವಾನರು ಹೊತ್ತು ತಂದು ಮಡಿಲಿಗೆ ಇಟ್ಟರು. ಆ ಕಲ್ಲಿನ ಭರವಸೆಯ ಮೇಲೆ ಅವರು ಎಷ್ಟೋ ವರ್ಷಗಳಿಂದ ಯಾರ ಮಾತನ್ನೂ ಕೇಳದೆ ಆರಾಮವಾಗಿ ನಿದ್ದೆ ಮಾಡುತ್ತಿದ್ದರು. ಕುಲಸಚಿವ ಮರಿಗೌಡರು ನಿಯಮ ಓದಿ ಹೇಳಿದರು. ಕೇಳುಗರ ಸೊಂಟಕ್ಕೆ ಹಗ್ಗ ಕಟ್ಟಿದರು. ಒಂದೇ ಅಳತೆಯ ಹಗ್ಗ ಎಲ್ಲಿಂದ ಬರಬೇಕು? ಸೊಪ್ಪು ಮಾರುವ ಕೆಂಪಮ್ಮನಿಗೆ ಉದ್ದನೆಯ ಬಾವಿ ಹಗ್ಗ ಸಿಕ್ಕಿತು, ದರ್ಜಿ ದಸ್ತಗೀರ್ ಸಾಬರಿಗೆ ಗಿಡ್ಡನೆಯ ದನದ ಹಗ್ಗ.

ಮೊದಲು ರುದ್ರಮುನಿ. ಅವನ ಪಾಲಿಗೆ ಮೂರರ ಗಂಟೆಯ ತನಕ ಸಮಯ. ಬೆಳಕಿನ ವಕ್ರೀಭವನದ ಮೇಲೆ ಪಾಠ ಎಂದು ಶುರು ಮಾಡಿದ. ನೀರಿನ ಲೋಟದಲ್ಲಿ ಚಮಚ ಮುರಿದಂತೆ ಕಾಣುವುದನ್ನು ಹೇಳಿ, ಅಲ್ಲಿಂದ ಚಮಚ ಕದ್ದ ಅಳಿಯನಿಗೆ ಬಂದ, ಅಳಿಯನಿಂದ ಅತ್ತೆಯ ಹಲ್ಲಿನ ಸೆಟ್ಟಿಗೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಕೇಳುಗರಲ್ಲಿ ಒಬ್ಬರೂ ಒಂದು ಬೆರಳು ಮೇಲೆ ಏಳಲಿಲ್ಲ. ಗಂಟೆ ಮೂರು ಹೊಡೆಯಿತು. ಎಲ್ಲರೂ ನೆಲದ ಮೇಲೆ ಎಂದು ಮರಿಗೌಡರು ಸಾರಿದರು. ಅವನನ್ನು ಇನ್ನು ಯಾರೂ ಮೀರುವಂತಿರಲಿಲ್ಲ, ಹೆಚ್ಚೆಂದರೆ ಸರಿಗಟ್ಟಬಹುದಿತ್ತು.

ನಾನು ಹಲಗೆಯ ಮುಂದೆ ನಿಂತೆ. ಬೇಸಿಗೆಯಲ್ಲಿ ಈ ಗಡಿಯಾರ ಯಾಕೆ ಹಿಂದೆ ಬೀಳುತ್ತದೆ ಎಂದು ಕೇಳಿದೆ. ಬೇಸರಕ್ಕೆ ಎಂದು ಹತ್ತು ದನಿ ಬಂದವು. ಬೇಸರವಾಗಿದ್ದರೆ ಅದು ಇಷ್ಟು ಹೊತ್ತಿಗೆ ಗೋಪುರ ಬಿಟ್ಟು ಹಾರಿಹೋಗಬೇಕಿತ್ತಲ್ಲ ಎಂದೆ. ಜನ ನಕ್ಕರು. ನಾನು ನಗಿಸಲೆಂದು ಹೇಳಿದ್ದಲ್ಲ, ನಿಜವಾದ ತರ್ಕವೆಂದೇ ಹೇಳಿದ್ದು. ಆದರೂ ಒಳ್ಳೆಯದೇ ಆಯಿತು, ಎಲ್ಲರೂ ಮುಂದಕ್ಕೆ ಬಾಗಿ ಕೂತರು. ಗಡಿಯಾರದ ಹೊಟ್ಟೆಯಲ್ಲಿ ತೂಗಾಡುವ ಉದ್ದನೆಯ ಕಬ್ಬಿಣದ ಸರಳಿದೆ, ಅದೇ ಲೋಲಕ, ಅದರ ಒಂದೊಂದು ತೂಗಿಗೆ ಮುಳ್ಳು ಒಂದೊಂದು ಹೆಜ್ಜೆ ಇಡುತ್ತದೆ ಎಂದೆ. ಅಲ್ಲಿಯ ತನಕ ಸುಖ.

ಆಮೇಲೆ ಲೆಕ್ಕ. ಕಬ್ಬಿಣ ಬಿಸಿಗೆ ಎಷ್ಟು ಹಿಗ್ಗುತ್ತದೆ, ಚಳಿಗಾಲಕ್ಕೂ ಬೇಸಿಗೆಗೂ ಬಿಸಿಲಿನ ವ್ಯತ್ಯಾಸವೇನು, ಇಷ್ಟು ಉದ್ದದ ಸರಳು ಉಗುರಿನ ದಪ್ಪದಷ್ಟು ಬೆಳೆದರೆ ಒಂದು ತೂಗಿಗೆ ಎಷ್ಟು ತಡ. ಆ ತಡ ಎಷ್ಟು ಸಣ್ಣದೆಂದರೆ ಸೊನ್ನೆಗಳನ್ನು ಬರೆಯಲು ಹಲಗೆಯ ಅಗಲ ಸಾಲಲಿಲ್ಲ. ಇದನ್ನು ಬಿಟ್ಟು ನೇರವಾಗಿ ಉತ್ತರ ಹೇಳಿಬಿಡಬಹುದಿತ್ತು. ಆದರೆ ಆ ಸಣ್ಣತನ ಕಣ್ಣಿಗೆ ಕಾಣದೆ, ದಿನಕ್ಕೆ ಅರವತ್ತು ಸಾವಿರ ಸಲ ಆ ಸಣ್ಣದು ಕೂಡುತ್ತದೆ ಎಂಬುದು ಕಾಣದೆ, ಉತ್ತರ ಕೇಳಿ ಏನು ಬಂತು? ನಾನು ಹಟಮಾರಿ. ಒಂದು ಸೊನ್ನೆಯನ್ನೂ ಬಿಡಲಿಲ್ಲ.

ಲೆಕ್ಕದ ನಾಲ್ಕನೆಯ ಸಾಲಿಗೆ ಕೆಂಪಮ್ಮನ ಕಾಲು ಮರಳು ಬಿಟ್ಟಿತು. ಅವಳು ಆಕಳಿಸುತ್ತ, ಸೆರಗು ಸರಿಮಾಡಿಕೊಳ್ಳುತ್ತ, ಮೆಲ್ಲಗೆ ಮೇಲಕ್ಕೆ ಹೋದಳು. ಅವಳ ಹಿಂದೆ ದಸ್ತಗೀರ್ ಸಾಬರು, ಅವರ ಹಿಂದೆ ಉಳಿದವರು. ಹಲಗೆಯಿಂದ ತಿರುಗಿದರೆ ಎದುರಿಗೆ ಖಾಲಿ ಮರಳು, ಬಿಗಿದ ಹಗ್ಗಗಳು. ಗುಂಪಿನಲ್ಲಿ ಯಾರೋ ಅಯ್ಯೋ ಪಾಪ ಎಂದರು.

ಅಷ್ಟರಲ್ಲಿ ಧಡ್ ಎಂದು ಸದ್ದಾಯಿತು. ನಿದ್ದೆಯಲ್ಲಿದ್ದ ಕುಲಪತಿಗಳ ಮೊಣಕಾಲು ಜಾರಿ ಕರಿಕಲ್ಲು ಮರಳಿಗೆ ಬಿದ್ದಿತ್ತು. ಕುಲಪತಿಗಳು ಕುರ್ಚಿಯಿಂದ ಎದ್ದರು, ಅಂದರೆ ನಿಂತರು ಎಂದಲ್ಲ. ಎಷ್ಟೋ ವರ್ಷಗಳ ಬೇಸರ ಒಟ್ಟಿಗೇ ಸೇರಿತ್ತೋ ಏನೋ, ಬಾಟಲಿಯ ಬಿರಡೆ ಹಾರಿದ ಹಾಗೆ ಹೋದರು. ಜವಾನನೊಬ್ಬ ಹಾರಿ ಅವರ ಒಂದು ಚಪ್ಪಲಿ ಹಿಡಿದ, ಚಪ್ಪಲಿ ಮಾತ್ರ ಉಳಿಯಿತು. ಅವರ ಸೊಂಟಕ್ಕೆ ಹಗ್ಗವಿರಲಿಲ್ಲ, ಮೇಲೆ ಸೂರಿರಲಿಲ್ಲ. ಗಾಳಿ ಅವರನ್ನು ಗೋಪುರದ ಕಡೆ ತಳ್ಳಿತು. ಗಡಿಯಾರದ ಕೆಳಗಿನ ಕಿಟಕಿಯ ಕಂಬಿಯನ್ನು ಹೇಗೋ ಹಿಡಿದುಕೊಂಡರು, ತಲೆ ಕೆಳಗೆ, ಕಾಲು ಆಕಾಶಕ್ಕೆ, ಪಂಚೆಯನ್ನು ದೇವರೇ ಕಾಪಾಡಿದ.

ಬಯಲೆಲ್ಲ ಹುಯ್ಯಲು. ಏಣಿ ತಂದರು, ಅರ್ಧಕ್ಕೂ ಸಾಲಲಿಲ್ಲ. ಗೋಪುರದ ಬಾಗಿಲಿಗೆ ಬೀಗ, ಬೀಗದ ಕೈ ಇದ್ದವನು ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಮೇಲಿನಿಂದ ಕುಲಪತಿಗಳ ದನಿ ಬಂತು. ಕಂಬಿ ಸುಡ್ತಿದೆ, ಹೆಚ್ಚು ಹೊತ್ತು ಹಿಡಿಯೋಕೆ ಆಗಲ್ಲ ಎಂದರು. ಮರಿಗೌಡರು ಓಡಿಬಂದು ನನ್ನ ಕೈಯ ಸೀಮೆಸುಣ್ಣ ಕಸಿದುಕೊಳ್ಳಲು ನೋಡಿದರು. ಪಾಠ ನಿಲ್ಲಿಸಿ, ನಾಲ್ಕಾಗಿದೆ ಎಂದು ರೇಡಿಯೋ ಸಮಯಕ್ಕೆ ಹೊಂದಿಸಿಟ್ಟ ತಮ್ಮ ಕೈಗಡಿಯಾರ ತೋರಿಸಿದರು.

"ನಿಯಮ ನಿಮ್ಮ ಕೈಗಡಿಯಾರದ್ದಲ್ಲ, ಗೋಪುರದ್ದು," ಎಂದೆ. "ಗಂಟೆ ಹೊಡೆಯೋ ತನಕ ಬಯಲು ನಂದು. ದೂರ ನಿಲ್ಲಿ."

ಅಷ್ಟು ಧೈರ್ಯ ಎಲ್ಲಿಂದ ಬಂತೋ. ಹೆದರಿಕೆಯಿಂದ ಅವರು ಇಳಿಯುವುದಿಲ್ಲ, ಏಣಿಯಿಂದ ಇಳಿಯುವುದಿಲ್ಲ. ಅವರನ್ನು ಇಳಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ಅದು ಪಾಠ ಹೇಳುವವಳಿಗೇ ಗೊತ್ತಿರಬೇಕು. ಆದರೆ ಯಾವ ದಾರಿ? ನಾನು ಕಂಗಾಲಾಗಿ ಮೇಲೆ ನೋಡಿದೆ. ಕುಲಪತಿಗಳನ್ನು ತಳ್ಳಿದ ಅದೇ ಗಾಳಿ ನನ್ನ ಕೇಳುಗರನ್ನೂ ತೂಗುತ್ತಿತ್ತು. ಉದ್ದದ ಬಾವಿ ಹಗ್ಗದ ತುದಿಯಲ್ಲಿ ಕೆಂಪಮ್ಮ ನಿಧಾನವಾಗಿ, ರಾಣಿಯ ಹಾಗೆ, ಆ ಕಡೆಯಿಂದ ಈ ಕಡೆಗೆ. ಗಿಡ್ಡ ಹಗ್ಗದಲ್ಲಿ ದಸ್ತಗೀರ್ ಸಾಬರು ಪಟಪಟನೆ, ಅವಳ ಒಂದು ತೂಗಿಗೆ ಇವರದು ಎರಡು. ನನ್ನ ಮೈ ಜುಮ್ಮೆಂದಿತು. ಹಲಗೆಯನ್ನು ಬಿಟ್ಟು ಮರಳಿನ ನಡುವೆ ಓಡಿ ನಿಂತು, ಒಬ್ಬರನ್ನೊಬ್ಬರು ನೋಡಿಕೊಳ್ಳಿ ಎಂದು ಕೂಗಿದೆ. ಯಾರು ಬೇಗ ತೂಗ್ತಿದಾರೆ, ಯಾರು ನಿಧಾನ? ಯಾಕೆ?

ಕೆಂಪಮ್ಮ ಕೆಳಗೆ ಬಗ್ಗಿ ಸಾಬರನ್ನು ನೋಡಿದಳು, ತನ್ನ ಹಗ್ಗ ನೋಡಿಕೊಂಡಳು.

"ನಂದು ಉದ್ದ ಐತೆ, ಅದುಕ್ಕೇ ನಿಧಾನ," ಎಂದಳು. "ತೊಟ್ಲು ಹಗ್ಗ ಗಿಡ್ಡ ಮಾಡಿದ್ರೆ ಬೇಗ್ ಬೇಗ್ ತೂಗ್ತದಲ್ಲ, ಹಂಗೆ."

ಬಿಸಿಗೆ ಕಬ್ಬಿಣ ಏನಾಗುತ್ತೆ ಅಂತ ಹಲಗೆ ಮೇಲೆ ಬರೆದೆ ಎಂದು ಕೇಳಿದೆ. ಅವಳು ಹಲಗೆಯ ಕಡೆ ತಿರುಗಿದಳು. ಅದೇ ಸೊನ್ನೆಗಳು, ಅವಳನ್ನು ಮೇಲೆ ಕಳಿಸಿದ ಸೊನ್ನೆಗಳು. ತುಟಿ ಅಲುಗುವುದು ಕಂಡಿತು. ಹಿಗ್ತದೆ ಎಂದಳು. ಹಿಗ್ಗಿದರೆ ಉದ್ದ ಎಂದರು ಸಾಬರು. ಉದ್ದ ಆದರೆ ನಿಧಾನ ಎಂದರು ಇನ್ನಾರೋ. ಉಗುರಿನಷ್ಟೇ ಆದರೂ, ಅರವತ್ತು ಸಾವಿರ ಸಲ. ಆಮೇಲೆ ಕೆಂಪಮ್ಮನ ಹಗ್ಗ ಸಡಿಲವಾಯಿತು.

ಅವಳು ಇಳಿದಳು. ಯಾರೂ ಎಳೆಯದೆ, ತಾನಾಗಿ ಇಳಿದಳು. ತೆಂಗಿನಕಾಯಿ ಬಿದ್ದ ಹಾಗಲ್ಲ, ತುಂಬಿದ ಕೊಡವನ್ನು ಸೊಂಟದಿಂದ ಇಳಿಸಿದ ಹಾಗೆ. ಅವಳ ಹಿಂದೆಯೇ ಸಾಬರು, ಅವರ ಹಿಂದೆ ಮತ್ತೊಬ್ಬರು, ಮರಳಿನ ಮೇಲೆ ಮೆತ್ತಗೆ ಧಪ್ ಧಪ್ ಎಂದು ಕಾಲು ಊರುವ ಸದ್ದು. ನಾನು ಹುಟ್ಟಿದ ಮೇಲೆ ಅಂಥ ಸದ್ದು ಕೇಳಿರಲಿಲ್ಲ. ಕುಣಿಯಬೇಕೆನಿಸಿತು, ಕುಣಿದೆ ಕೂಡ ಎಂದು ಆಮೇಲೆ ನೋಡಿದವರು ಹೇಳಿದರು.

ಆದರೆ ಕುಲಪತಿಗಳು ಇನ್ನೂ ಮೇಲೆಯೇ. ಒಂದು ಕೈ ಬಿಟ್ಟಿದ್ದರು, ಇನ್ನೊಂದು ಕೈಯಲ್ಲಿ ಹಿಡಿದಿದ್ದರು. ಹಿಡಿದ ಕಂಬಿ ಯಾತರದ್ದು ಎಂದು ಕೂಗಿದೆ. ಕಬ್ಬಿಣ ಎಂದರು. ಕಿಟಕಿಯೊಳಗೆ ತೂಗಾಡುತ್ತಿರುವ ಸರಳನ್ನು ಮುಟ್ಟಿ ನೋಡಿ ಎಂದೆ. ಅವರು ಬಿಟ್ಟಿದ್ದ ಕೈಯನ್ನು ಕಂಬಿಗಳ ನಡುವೆ ತೂರಿಸಿದರು. ಪಡುವಣದ ಬಿಸಿಲು ಆ ಕಿಟಕಿಯ ಮೂಲಕ ಒಳಗೆ ಬೀಳುತ್ತಿತ್ತು.

"ಇದೂ ಸುಡ್ತಿದೆ ಕಣಮ್ಮ," ಎಂದರು. ದನಿ ಬೇರೆಯಾಗಿತ್ತು. ತೂಗುವ ಸರಳನ್ನು ಇನ್ನೊಮ್ಮೆ ಮುಟ್ಟಿ ನೋಡಿದರು. "ಹಾಗಾದ್ರೆ ಇದು ಬೆಳೆದಿದೆ. ಈಗ, ನಾನು ನೋಡ್ತಿರೋ ಹಾಗೇನೇ, ಚಳಿಗಾಲದಲ್ಲಿದ್ದಕ್ಕಿಂತ ಉದ್ದ ಇದೆ. ಅದಕ್ಕೆ ನಿಧಾನ. ಇದಕ್ಕೆ ಬೇಸರ ಇಲ್ಲ."

ಎಂದವರೇ ಕಂಬಿಯನ್ನು ಬಿಟ್ಟುಬಿಟ್ಟರು. ಹೆಂಗಸರು ಕಣ್ಣು ಮುಚ್ಚಿಕೊಂಡರು. ಕುಲಪತಿಗಳು ಆಕಾಶಕ್ಕೆ ಹೋಗಲಿಲ್ಲ. ಗಾಳಿಯಲ್ಲಿ ಒಂದು ಸುತ್ತು ತಿರುಗಿ, ತಲೆ ಮೇಲಾಗಿ, ಒಂದೇ ಚಪ್ಪಲಿಯ ಕಾಲುಗಳನ್ನು ಮರಳಿನ ಮೇಲೆ ಊರಿ ನಿಂತರು. ಅವರ ಹಿಮ್ಮಡಿ ನೆಲ ಮುಟ್ಟುವುದಕ್ಕೂ ಗೋಪುರದ ಗಂಟೆ ನಾಲ್ಕು ಹೊಡೆಯಲು ಶುರು ಮಾಡುವುದಕ್ಕೂ ಸರಿಹೋಯಿತು. ಆ ಗಡಿಯಾರ ಬೇಸಿಗೆಗೆ ಹಿಂದೆ ಬೀಳದಿದ್ದರೆ ನನಗೆ ಅಷ್ಟು ನಿಮಿಷ ಸಿಗುತ್ತಿರಲಿಲ್ಲ. ನನಗೆ ಅಳು ಬಂತು. ಅಳುತ್ತಲೇ ನಕ್ಕೆ.

ಮರಿಗೌಡರು ಎಣಿಸಿದರು, ಮತ್ತೆ ಎಣಿಸಿದರು. ಮೇಲೆ ಹೋದವರನ್ನು ಲೆಕ್ಕಕ್ಕೆ ಹಿಡಿಯಬೇಕಲ್ಲವೇ ಎಂದು ಸಮಿತಿಯ ಒಬ್ಬರು ರಾಗ ಎಳೆದರು. ಗಂಟೆ ಹೊಡೆದಾಗ ಎಲ್ಲಿದ್ದರು ಎಂಬುದಷ್ಟೇ ನಿಯಮ, ಇಳಿಯುತ್ತಾರೆಂದು ಯಾರು ಕಂಡಿದ್ದರು ಎಂದು ಮರಿಗೌಡರು ಬೆವರೊರೆಸಿಕೊಂಡರು. ಇಬ್ಬರು ಅಭ್ಯರ್ಥಿಗಳೂ ಸರಿಸಮ, ಹೀಗಾದರೆ ಏನು ಮಾಡಬೇಕೆಂದು ನಿಯಮದಲ್ಲಿಲ್ಲ ಎಂದು ಕುಲಪತಿಗಳ ಕಡೆ ತಿರುಗಿದರು.

ಕುಲಪತಿಗಳು ಕೇಳಿಸಿಕೊಳ್ಳಲೇ ಇಲ್ಲ. ಎಣ್ಣೆ ಮಸಿ ಮೆತ್ತಿದ ತಮ್ಮ ಅಂಗೈಯನ್ನೇ ನೋಡುತ್ತ ನನ್ನ ಹತ್ತಿರ ಬಂದರು. ಚಳಿಗಾಲದಲ್ಲಿ ಇದು ಮುಂದೆ ಓಡುತ್ತದಲ್ಲ, ಅದು ನಾಗಸ್ವರದಿಂದ ಅಲ್ಲವೇ ಎಂದು ಕೇಳಿದರು. ಅಲ್ಲ ಸಾರ್, ಚಳಿಗೆ ಸರಳು ಗಿಡ್ಡವಾಗುತ್ತದೆ ಎಂದೆ. ಅವರ ಮುಖ ಪರೀಕ್ಷೆಯಲ್ಲಿ ಪಾಸಾದ ಹುಡುಗನದಾಯಿತು. ವರ್ಷವಿಡೀ ಸರಿಯಾಗಿ ನಡೆಯುವ ಹಾಗೆ ಮಾಡಲು ಬರುವುದಿಲ್ಲವೇ ಎಂದರು.

"ಬರುತ್ತೆ ಸಾರ್," ಎಂದೆ. "ಒಂದೊಂದು ಲೋಹ ಒಂದೊಂದು ಥರ ಹಿಗ್ಗುತ್ತೆ, ಎರಡನ್ನ ಜೋಡಿಸಿ ಒಂದರ ತಪ್ಪನ್ನ ಇನ್ನೊಂದು ತಿದ್ದೋ ಹಾಗೆ ಮಾಡಬೇಕು. ಆದ್ರೆ ಅದರ ಲೆಕ್ಕ ಇವತ್ತಿನದಕ್ಕಿಂತ ಉದ್ದ. ಇವತ್ತಿನದಕ್ಕಿಂತ ಬೇಸರ."

ಇಬ್ಬರು ಜವಾನರು ಕರಿಕಲ್ಲನ್ನು ಮರಳಿನಿಂದ ಎತ್ತಿ ರೇಷ್ಮೆ ಕೊಡವುತ್ತ ನಿಂತಿದ್ದರು. ಕುಲಪತಿಗಳು ಅದನ್ನು ನೋಡಿದರು, ಬೇಡ ಎಂದು ಕೈ ಆಡಿಸಿದರು. ಕೆಂಪಮ್ಮನ ಮುಂದೆ ಹೋಗಿ ಅವಳ ಸೊಂಟದ ಹಗ್ಗ ಕೇಳಿದರು. ಅವಳು ಬಿಚ್ಚಿ ಕೊಟ್ಟಳು. ಕೇಳುಗರ ಸಾಲಿನಲ್ಲಿ ಮರಳಿನ ಮೇಲೆ ಕೂತು ತಾವೇ ಕಟ್ಟಿಕೊಂಡರು, ಗಂಟು ಸರಿಯಾಗಿ ಬೀಳಲಿಲ್ಲ. ಅಷ್ಟು ಹೊತ್ತು ಗುಂಪಿನ ಅಂಚಿನಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ರುದ್ರಮುನಿ ಬಂದು ಗಂಟನ್ನು ಬಿಗಿದು, ಹಗ್ಗದ ತುದಿಯನ್ನು ಗೂಟಕ್ಕೆ ಕಟ್ಟದೆ ತನ್ನ ಕೈಗೆ ಸುತ್ತಿಕೊಂಡ.

"ನಿಮ್ಮ ಮೇಲೆ ಸಿಟ್ಟು ಮಾಡ್ಕೋಬೇಕು ಅಂತಿದೀನಿ ವಾರಿಜಾ ಮೇಡಂ," ಎಂದ ನನಗೆ ಮಾತ್ರ ಕೇಳುವ ಹಾಗೆ. "ನಾಳೆ ಮಾಡ್ಕೋತೀನಿ. ಈಗ ಆ ಎರಡು ಲೋಹದ ವಿಷಯ ಹೇಳಿ."

"ಮರಿಗೌಡ್ರೇ, ಈಯಮ್ಮಂಗೆ ನೇಮಕದ ಆದೇಶ ಬರೀರಿ," ಎಂದರು ಕುಲಪತಿಗಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಶುರು ಮಾಡಮ್ಮ. ಬೇಸರ ಬಂದ್ರೆ ಬರಲಿ, ಹಗ್ಗ ಇದೆಯಲ್ಲ."

ನಾನು ಹಲಗೆ ಒರೆಸಿದೆ. ಒಂದು ಪಕ್ಕ ಕಬ್ಬಿಣ, ಇನ್ನೊಂದು ಪಕ್ಕ ಹಿತ್ತಾಳೆ ಎಂದು ಬರೆದು ಲೆಕ್ಕ ಶುರು ಮಾಡಿದೆ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಬೆನ್ನ ಹಿಂದೆ ಹಗ್ಗ ಬಿಗಿಯಾಗುವ ಸದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ, ನಾಲ್ಕನೆಯ ಸಾಲು ಬರೆದೆ.